ಗುಡಿ ಯಾರದು? ಮೂಲ್ಕಿಯ ಮೊಕ್ತೇಸರರು ಕೋರ್ಟಿಗೆ ಹೋದ ಚರಿತ್ರೆ



"ನೀನು ಬಿ.ಎ. ಓದ್ತೀಯಲ್ಲ, ಸಂಚಿಕೆಗೆ ಚರಿತ್ರೆಯ ಮೇಲೆ ಏನಾದರೂ ಬರೆದುಕೊಡು" ಅಂತ ಸಂಘದ ಅಣ್ಣಂದಿರು ಕೇಳಿದರು. ಬಾಬಾಸಾಹೇಬರ ಜೀವನ ಚರಿತ್ರೆಯನ್ನು ಪ್ರತಿ ವರ್ಷ ಯಾರಾದರೂ ಒಬ್ಬರು ಚೆನ್ನಾಗಿಯೇ ಬರೆಯುತ್ತಾರೆ. ಅದಕ್ಕೆ ನಾನು ಈ ಸಲ ಒಂದು ಕೋರ್ಟು ಕೇಸಿನ ಬಗ್ಗೆ ಬರೆಯುತ್ತಿದ್ದೇನೆ. ಕೇಸು ಅಂದ ಕೂಡಲೇ ಪುಟ ತಿರುವಿ ಹಾಕಬೇಡಿ. ಇದು ಒಂದು ಗುಡಿಯ ಆಡಳಿತ ನೋಡುವವರು "ನಮ್ಮ ಅಧಿಕಾರ ಎಲ್ಲಿಯತನಕ?" ಅಂತ ನ್ಯಾಯಾಲಯವನ್ನು ಕೇಳಿದ ಕಥೆ. ನ್ಯಾಯಾಲಯ ಕೊಟ್ಟ ಉತ್ತರ ನಮಗೂ ಸೇರಿದ್ದು.

ಮೊದಲು ನಮ್ಮಜ್ಜಿಯ ಮಾತು ಹೇಳುತ್ತೇನೆ. ಶ್ರಾವಣ ಬಂತೆಂದರೆ ನಮ್ಮ ಕಡೆ ಗೊತ್ತಲ್ಲ, ಕಸಾಪುರ, ನೇಮಕಲ್ಲು, ಮುರಡಿ ಈ ಮೂರು ಆಂಜನೇಯನ ಗುಡಿಗಳನ್ನು ಒಂದೇ ದಿನ ನೋಡಿದರೆ ಒಳ್ಳೆಯದು ಅಂತ ಜನ ಗಾಡಿ ಕಟ್ಟಿಕೊಂಡು ತಿರುಗುತ್ತಾರೆ. ಆ ಜನ, ಆ ಗಾಡಿ ನೋಡುತ್ತಾ ಕೂತಿದ್ದಾಗ ಅಜ್ಜಿ ತನ್ನ ಹುಡುಗಿತನದ ಒಂದು ಸಂಗತಿ ಹೇಳಿದಳು. 1960ರ ಆಚೀಚೆ ಇರಬೇಕು. ಒಂದು ಊರಿಗೆ (ಊರ ಹೆಸರು ಬೇಡ) ಹರಕೆ ತೀರಿಸೋಕೆ ಹೋಗಿದ್ದರಂತೆ. ಕಾಯಿ, ಊದುಬತ್ತಿ, ಕರ್ಪೂರ ಎಲ್ಲ ಗುಡಿಯ ಹೊರಗಡೆ ಒಂದು ಕಲ್ಲಿನ ಮೇಲೆ ಇಟ್ಟು ದೂರ ನಿಲ್ಲಬೇಕು. ಒಳಗಿನವರು ಬಂದು ತಗೊಂಡು ಹೋಗಿ ಕಾಯಿ ಒಡೆದು, ಒಂದು ಹೋಳು ತಂದು ಮತ್ತೆ ಅದೇ ಕಲ್ಲಿನ ಮೇಲೆ ಇಡುತ್ತಿದ್ದರು. "ದುಡ್ಡೂ ಅಲ್ಲೇ ಇಡ್ತಿದ್ವಿ ಮಗಾ. ಅದರ ಮೇಲೆ ನೀರು ಚಿಮುಕಿಸಿ ಒಳಗೆ ತಗೊಂಡು ಹೋಗ್ತಿದ್ರು" ಅಂತ ಅಜ್ಜಿ ನಗುತ್ತಾಳೆ. ನನಗೆ ನಗು ಬರಲಿಲ್ಲ. "ಯಾಕಜ್ಜಿ, ನೀವ್ಯಾರೂ ಕೇಳಲಿಲ್ವಾ?" ಅಂದೆ. "ಏನಂತ ಕೇಳೋದು? ಗುಡಿ ಅವರ್ದಲ್ಲೇನು?" ಅಂದಳು.

ಗುಡಿ ಅವರದು. ಈ ಎರಡು ಪದದ ಹಿಂದೆ ಎಷ್ಟು ದೊಡ್ಡ ಜಗಳ ಇದೆ ಅನ್ನೋದು ನನಗೆ ಕಾಲೇಜಿನಲ್ಲಿ ಸಂವಿಧಾನದ ಪಾಠ ಓದುವಾಗ ಗೊತ್ತಾಯಿತು. ಆ ಜಗಳ ನಡೆದದ್ದು ನಮ್ಮಿಂದ ದೂರದ ಕರಾವಳಿಯಲ್ಲಿ, ಕನ್ನಡ ತುಳು ಮಾತಾಡುವ ಮೂಲ್ಕಿಯಲ್ಲಿ. ಆದರೆ ಅದು ಶುರುವಾದಾಗ ಮೂಲ್ಕಿಯೂ ನಮ್ಮ ರಾಯದುರ್ಗವೂ ಒಂದೇ ಸರ್ಕಾರದ ಕೆಳಗೆ, ಮದ್ರಾಸ್ ಪ್ರಾಂತ್ಯದಲ್ಲಿ ಇದ್ದವು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಮೂಲ್ಕಿ ದಕ್ಷಿಣ ಕನ್ನಡ ಜಿಲ್ಲೆಯ ಊರು. ಅಲ್ಲಿಗೆ ಅನ್ವಯಿಸಿದ ಕಾನೂನೇ ಇಲ್ಲಿಗೂ ಅನ್ವಯಿಸುತ್ತಿತ್ತು.

ಧರ್ಮಕರ್ತ ಯಜಮಾನನಲ್ಲ

ಕೇಸಿಗೆ ಹೋಗುವ ಮುಂಚೆ ಟ್ರಸ್ಟ್ ಅಂದರೆ ಏನು ಅಂತ ತಿಳಿಯಬೇಕು. ಕಷ್ಟದ ವಿಷಯವೇನಲ್ಲ. ಒಬ್ಬ ಅಪ್ಪ ಸಾಯುವ ಮುಂಚೆ ತನ್ನ ಗೆಳೆಯನನ್ನು ಕರೆದು, "ಈ ಎರಡು ಎಕರೆ ನಿನ್ನ ಹೆಸರಿಗೆ ಮಾಡ್ತೀನಿ, ನನ್ನ ಮಕ್ಕಳು ದೊಡ್ಡೋರಾಗೋತನಕ ನೋಡ್ಕೋ" ಅಂತಾನೆ ಅಂದುಕೊಳ್ಳಿ. ಪಾಸ್‌ಬುಕ್ಕಿನಲ್ಲಿ ಹೆಸರು ಗೆಳೆಯನದು. ಆದರೆ ಬೆಳೆ ಮಕ್ಕಳದು. ಗೆಳೆಯ ಹೊಲ ನೋಡಿಕೊಳ್ಳಬಹುದು, ನುಂಗುವ ಹಾಗಿಲ್ಲ. ಇದೇ ಟ್ರಸ್ಟು. ನೋಡಿಕೊಳ್ಳುವವನು ಟ್ರಸ್ಟಿ. ಗುಡಿ ವಿಷಯದಲ್ಲಿ ನಮ್ಮ ಕಡೆ ಅವರನ್ನು ಧರ್ಮಕರ್ತ ಅಂತಾರೆ, ದಕ್ಷಿಣ ಕನ್ನಡದಲ್ಲಿ ಮೊಕ್ತೇಸರ ಅಂತಾರೆ. ಹೆಸರು ಯಾವುದಾದರೂ ಅರ್ಥ ಒಂದೇ: ಕಾಯುವವನು, ಯಜಮಾನನಲ್ಲ.

ಕಾಯುವವನಿಗೆ ಅನುಮಾನ ಬರುತ್ತದೆ. ಹೊಲ ಗುತ್ತಿಗೆಗೆ ಕೊಡಬಹುದಾ? ಈ ಹಣವನ್ನು ಆ ಕೆಲಸಕ್ಕೆ ಖರ್ಚು ಮಾಡಬಹುದಾ? ತಪ್ಪು ಮಾಡಿದರೆ ನಾಳೆ ಅವನ ತಲೆಯ ಮೇಲೇ ಬರುತ್ತದೆ. ಅದಕ್ಕೆ ಬ್ರಿಟಿಷರ ಕಾಲದ ಕಾನೂನು ಒಂದು ದಾರಿ ಇಟ್ಟಿತು. 1882ರ ಭಾರತೀಯ ಟ್ರಸ್ಟುಗಳ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಖಾಸಗಿ ಟ್ರಸ್ಟಿನ ಟ್ರಸ್ಟಿಯು ದಾವೆ ಹೂಡದೆಯೇ, ಬರೀ ಒಂದು ಅರ್ಜಿ ಹಾಕಿ, ಆಸ್ತಿಯ ಆಡಳಿತದ ಬಗ್ಗೆ ಕೋರ್ಟಿನ ಸಲಹೆ ಕೇಳಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕೋರ್ಟು ಹೇಳಿದಂತೆ ನಡೆದರೆ ಆಮೇಲೆ ಅವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಸುಳ್ಳು ಹೇಳಿ ಸಲಹೆ ತಗೊಂಡರೆ ಆ ರಕ್ಷಣೆ ಇಲ್ಲ. ಗುಡಿ, ಛತ್ರ, ಶಾಲೆಯಂಥ ಸಾರ್ವಜನಿಕ ಧರ್ಮಕಾರ್ಯಗಳ ಟ್ರಸ್ಟಿಗಳಿಗೂ ಇಂಥದೇ ದಾರಿಯನ್ನು 1920ರ ಧರ್ಮಾರ್ಥ ಮತ್ತು ಧಾರ್ಮಿಕ ಟ್ರಸ್ಟುಗಳ ಕಾಯ್ದೆ ಕೊಟ್ಟಿತು.

ಆದರೆ ಈ ಅರ್ಜಿಯ ದಾರಿ ಸಣ್ಣ ಪ್ರಶ್ನೆಗಳಿಗೆ ಮಾತ್ರ. ತುಂಬಾ ತೊಡಕಿನ ಪ್ರಶ್ನೆಗಳನ್ನು ಒಂದು ಅರ್ಜಿಯಲ್ಲಿ ತೀರ್ಮಾನ ಮಾಡೋಕೆ ಆಗಲ್ಲ. ಅದಕ್ಕೆ ಪೂರ್ತಿ ದಾವೆಯೇ ಬೇಕು. "ಈ ಗುಡಿಗೆ ಯಾರು ಬರಬಹುದು?" ಅನ್ನೋದು ಅಂಥ ದೊಡ್ಡ ಪ್ರಶ್ನೆ.

ಕಮುದಿಯಲ್ಲಿ ಕೋರ್ಟು ಬಾಗಿಲು ಹಾಕಿತು

ಕೋರ್ಟು ಯಾವಾಗಲೂ ನಮ್ಮ ಪರ ಇತ್ತು ಅಂತ ಯಾರೂ ತಿಳಿಯಬಾರದು. ಮೂಲ್ಕಿಗಿಂತ ಹಿಂದಿನ ಒಂದು ಕೇಸನ್ನು ಹೇಳಲೇಬೇಕು. ಅದು ತಮಿಳು ಸೀಮೆಯ ರಾಮನಾಡಿನ ಕಮುದಿಯದು. ಅಲ್ಲಿ ನಾಡಾರ್ ಜನ ಇದ್ದಾರೆ. ತಾಳೆ ಮರ ಹತ್ತುವ ಕಸುಬಿನವರು, ಆಮೇಲೆ ವ್ಯಾಪಾರದಲ್ಲಿ ಮುಂದೆ ಬಂದವರು. ಅವರು ನಮ್ಮ ಹಾಗೆ ಕೇರಿಯ ಜನ ಅಲ್ಲ, ಆದರೂ ಗುಡಿಯ ಬಾಗಿಲು ಅವರಿಗೂ ಮುಚ್ಚಿತ್ತು. 1897ರಲ್ಲಿ ಕೆಲವು ನಾಡಾರರು ಕಮುದಿಯ ಮೀನಾಕ್ಷಿ ಸುಂದರೇಶ್ವರ ಗುಡಿಯೊಳಗೆ ಹೋದರು. ಗುಡಿಯ ವಂಶಪಾರಂಪರ್ಯ ಟ್ರಸ್ಟಿಯಾಗಿದ್ದ ರಾಮನಾಡಿನ ರಾಜ ಭಾಸ್ಕರ ಸೇತುಪತಿ ಅವರ ಮೇಲೆ ದಾವೆ ಹಾಕಿದರು.

ಮುಂದೆ ನಡೆದದ್ದು ಕೇಳಿ. ಕೇಸು ಅಪೀಲಿನಲ್ಲಿದ್ದಾಗ ರಾಜರು ನಾಡಾರರ ಜೊತೆ ರಾಜಿಗೆ ಬಂದರು, ಒಳಗೆ ಬರಲಿ ಅಂತ ಒಪ್ಪಿದರು. ಟ್ರಸ್ಟಿಯೇ ಒಪ್ಪಿದ ಮೇಲೆ ಮುಗೀತಲ್ಲ ಅಂತ ನಮಗೆ ಅನ್ನಿಸುತ್ತೆ. ಮುಗಿಯಲಿಲ್ಲ. ಬೇರೆ ಜಾತಿಯ ಭಕ್ತರು ಅಡ್ಡ ಬಂದರು. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್‌ತನಕ ಹೋಗಿ, 1908ರಲ್ಲಿ ನಾಡಾರರು ಸೋತರು. ಹಳೆಯ ಪದ್ಧತಿಯೇ ಗುಡಿಯ ಕಾನೂನು, ಅದನ್ನು ಮುರಿದು ಬಾಗಿಲು ತೆಗೆಯುವ ಅಧಿಕಾರ ಟ್ರಸ್ಟಿಗೆ ಇಲ್ಲ ಅನ್ನೋದು ಆ ತೀರ್ಪಿನ ಸಾರ.

ಅಂದರೆ ಅವತ್ತು ಒಬ್ಬ ಒಳ್ಳೆಯ ಧರ್ಮಕರ್ತ ಮನಸ್ಸು ಮಾಡಿದರೂ ನಮ್ಮನ್ನು ಒಳಗೆ ಕರೆಯುವ ಹಾಗಿರಲಿಲ್ಲ. ಕರೆದರೆ ನಂಬಿಕೆ ದ್ರೋಹ ಮಾಡಿದ ಅಂತ ಅವನ ಮೇಲೆಯೇ ಕೇಸು. ಧರ್ಮಕರ್ತ ಯಜಮಾನನಲ್ಲ ಅನ್ನೋ ಒಳ್ಳೆಯ ಮಾತನ್ನೇ ಬಾಗಿಲು ಹಾಕೋಕೆ ಬಳಸಿದರು. ಒಂದೇ ನಿಯಮ ಬೀಗವೂ ಆಗಬಹುದು, ಬೀಗದ ಕೈಯೂ ಆಗಬಹುದು.

1939, 1947: ಕಾನೂನು ಬದಲಾಯಿತು

ಈ ಬೀಗ ತೆಗೆಯೋಕೆ ಶಾಸನ ಸಭೆಯೇ ಬರಬೇಕಾಯಿತು. 1939ರ ಜುಲೈ 8ರಂದು ಮದುರೆಯ ಮೀನಾಕ್ಷಿ ಗುಡಿಯೊಳಗೆ ವೈದ್ಯನಾಥ ಅಯ್ಯರ್ ಅವರು ದಲಿತರನ್ನೂ ನಾಡಾರರನ್ನೂ ಕರೆದುಕೊಂಡು ಹೋದರು. ಆ ಗುಂಪಿನಲ್ಲಿದ್ದ ಕಕ್ಕನ್ ಅನ್ನುವ ದಲಿತ ಯುವಕ ಮುಂದೆ ಮದ್ರಾಸ್ ಸರ್ಕಾರದಲ್ಲಿ ಮಂತ್ರಿಯಾದರು. ಗುಡಿಯ ಆಡಳಿತ ನೋಡುತ್ತಿದ್ದವರ ಒಪ್ಪಿಗೆಯೂ ಇತ್ತು. ಕಮುದಿಯ ತೀರ್ಪು ಇನ್ನೂ ಜೀವಂತ ಇದ್ದ ಕಾರಣ, ಬಾಗಿಲು ತೆಗೆದವರ ಮೇಲೆ ಕೇಸು ಬೀಳಬಹುದಿತ್ತು. ಆಗ ರಾಜಾಜಿಯವರ ಸರ್ಕಾರ 1939ರಲ್ಲೇ ಒಂದು ಕಾಯ್ದೆ ತಂದಿತು. ಅದರ ಹೆಸರಿನಲ್ಲೇ ಎರಡು ಮಾತಿದೆ: ದೇವಾಲಯ ಪ್ರವೇಶಕ್ಕೆ ಅಧಿಕಾರ, ಮತ್ತು ಪ್ರವೇಶ ಕೊಟ್ಟವರಿಗೆ ರಕ್ಷಣೆ. ಭಕ್ತರಲ್ಲಿ ಹೆಚ್ಚಿನವರ ವಿರೋಧ ಇಲ್ಲ ಅಂತ ಟ್ರಸ್ಟಿಗಳಿಗೆ ಕಂಡರೆ, ಸರ್ಕಾರದ ಒಪ್ಪಿಗೆ ಪಡೆದು ಬಾಗಿಲು ತೆಗೆಯಬಹುದು. ಅಂದರೆ ಇನ್ನೂ ಅವರು ಮನಸ್ಸು ಮಾಡಿದರೆ ಮಾತ್ರ ನಮಗೆ ಪ್ರವೇಶ. ದಾನ ಕೊಟ್ಟ ಹಾಗೆ.

ಸ್ವಾತಂತ್ರ್ಯ ಬಂದ ವರ್ಷ, 1947ರಲ್ಲಿ, ಮದ್ರಾಸ್ ದೇವಾಲಯ ಪ್ರವೇಶ ಕಾಯ್ದೆ ಬಂತು. ಇದು ಬೇರೆ ಥರ. ಯಾವುದೇ ಕಾನೂನು, ಪದ್ಧತಿ, ರೂಢಿ ಏನೇ ಇರಲಿ, ಯಾವ ಜಾತಿಯ ಹಿಂದೂ ಆದರೂ ಹಿಂದೂ ಗುಡಿಯೊಳಗೆ ಹೋಗಿ ಬೇರೆಯವರ ಹಾಗೆಯೇ ಪೂಜೆ ಮಾಡಿಸಬಹುದು ಅಂತ ಹೇಳಿತು. ಇದು ದಾನ ಅಲ್ಲ, ಹಕ್ಕು. ನಮ್ಮಜ್ಜಿ ಕಲ್ಲಿನ ಮೇಲೆ ಕಾಯಿ ಇಟ್ಟು ದೂರ ನಿಂತಾಗ ಈ ಕಾನೂನು ನಮ್ಮ ಸೀಮೆಗೆ ಬಂದು ಹತ್ತು ವರ್ಷದ ಮೇಲಾಗಿತ್ತು.

ಮೂಲ್ಕಿಯವರ ಪ್ರಶ್ನೆ

ಈಗ ಮೂಲ್ಕಿಗೆ ಬರೋಣ. ಮಂಗಳೂರಿನಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಸಮುದ್ರದ ಹತ್ತಿರದ ಊರು. ನಾನು ಅಲ್ಲಿಗೆ ಹೋದವನಲ್ಲ, ತೀರ್ಪು ಓದಿ ತಿಳಿದದ್ದು. ಮಾನಂಪಾಡಿ, ಬಪ್ಪನಾಡು, ಕಾರ್ನಾಡು ಈ ಮೂರು ಹಳ್ಳಿ ಸೇರಿ ಮೂಲ್ಕಿ ಪೇಟೆ. ಮಾನಂಪಾಡಿಯಲ್ಲಿ ವೆಂಕಟರಮಣ ದೇವರ ಹಳೆಯ ಗುಡಿ ಇದೆ. ಗೋವೆಯ ಕಡೆಯಿಂದ ಬಂದು ನೆಲೆಸಿದ ಗೌಡ ಸಾರಸ್ವತ ಬ್ರಾಹ್ಮಣರ ಗುಡಿ ಅಂತ ಹೆಸರು. ಮೊಕ್ತೇಸರರೆಲ್ಲ ಅವರೇ.

1947ರ ಕಾಯ್ದೆ ಬಂದಾಗ ಈ ಮೊಕ್ತೇಸರರು ಸರ್ಕಾರಕ್ಕೆ ಮನವಿ ಕಳಿಸಿದರು. ಕಾಯ್ದೆಯಲ್ಲಿ ಗುಡಿ ಅನ್ನೋದಕ್ಕೆ ಹಿಂದೂ ಸಮಾಜಕ್ಕೆ ಸಾಮಾನ್ಯವಾಗಿ ಸೇರಿದ ಸಾರ್ವಜನಿಕ ಪೂಜಾ ಸ್ಥಳ ಅನ್ನುವ ಅರ್ಥ ಕೊಟ್ಟಿದ್ದರು. "ನಮ್ಮದು ನಮ್ಮ ಸಮುದಾಯದ ಗುಡಿ, ಎಲ್ಲ ಹಿಂದೂಗಳದ್ದಲ್ಲ, ಆದ್ದರಿಂದ ಈ ಕಾಯ್ದೆ ನಮಗೆ ಅನ್ವಯಿಸಲ್ಲ" ಅನ್ನೋದು ಅವರ ವಾದ. ಸರ್ಕಾರ ಒಪ್ಪಲಿಲ್ಲ. 1948ರ ಜೂನ್ 25ರಂದು, ಇದು ಹಿಂದೂ ಸಾರ್ವಜನಿಕರಿಗೆ ತೆರೆದ ಗುಡಿ, ಕಾಯ್ದೆ ಅನ್ವಯಿಸುತ್ತದೆ ಅಂತ ಆದೇಶ ಮಾಡಿತು.

ಮೊಕ್ತೇಸರರು 1949ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಸಬ್ ಜಡ್ಜ್ ಕೋರ್ಟಿಗೆ ಹೋದರು. ಇದು ನಾನು ಮೊದಲು ಹೇಳಿದ ಸಲಹೆಯ ಅರ್ಜಿ ಅಲ್ಲ, ಪೂರ್ತಿ ದಾವೆ. ನಮ್ಮ ಗುಡಿ ಆ ಕಾಯ್ದೆಯೊಳಗೆ ಬರುವುದಿಲ್ಲ ಅಂತ ಘೋಷಣೆ ಮಾಡಿ ಅಂತ ಕೇಳಿದರು. ಕೇಸು ನಡೆಯುತ್ತಿರುವಾಗಲೇ ಸರ್ಕಾರ 1949ರಲ್ಲಿ ಕಾಯ್ದೆಯನ್ನು ತಿದ್ದಿತು. ಹಿಂದೂಗಳ ಯಾವುದೇ ಒಂದು ವರ್ಗಕ್ಕೆ ಮೀಸಲಾದ ಸಾರ್ವಜನಿಕ ಪೂಜಾ ಸ್ಥಳವೂ ಗುಡಿಯೇ ಅಂತ ಸೇರಿಸಿತು. ಮೊಕ್ತೇಸರರ ಮೊದಲ ವಾದದ ಬಲ ಹೋಯಿತು. ಅಷ್ಟರಲ್ಲಿ 1950ರ ಜನವರಿ 26 ಬಂತು. ಬಾಬಾಸಾಹೇಬರು ಬರೆದ ಸಂವಿಧಾನ ಜಾರಿಯಾಯಿತು. ಮೊಕ್ತೇಸರರು ಅದೇ ಸಂವಿಧಾನದ 26ನೇ ವಿಧಿ ಹಿಡಿದುಕೊಂಡರು. ಪ್ರತಿ ಧಾರ್ಮಿಕ ಪಂಗಡಕ್ಕೂ ತನ್ನ ಧರ್ಮದ ವಿಷಯಗಳನ್ನು ತಾನೇ ನೋಡಿಕೊಳ್ಳುವ ಹಕ್ಕಿದೆ ಅಂತ ಅದು ಹೇಳುತ್ತದೆ. ಗುಡಿಯೊಳಗೆ ಯಾರು ಬರಬೇಕು ಅನ್ನೋದು ಧರ್ಮದ ವಿಷಯ, ಅದನ್ನು ನಾವೇ ತೀರ್ಮಾನಿಸ್ತೀವಿ ಅಂದರು.

ಇದನ್ನು ಓದುವಾಗ ನನಗೆ ಮಹಾಡ್ ನೆನಪಾಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಅಲ್ಲಿನ ಸವರ್ಣೀಯರು ಏನು ಮಾಡಿದರು ಗೊತ್ತಾ? ಡಿಸೆಂಬರಿನಲ್ಲಿ ಕೋರ್ಟಿಗೆ ಹೋಗಿ, ಕೆರೆ ಸಾರ್ವಜನಿಕ ಅಲ್ಲ, ನಮ್ಮ ಖಾಸಗಿಯದು ಅಂತ ದಾವೆ ಹಾಕಿದರು. ಬಾಬಾಸಾಹೇಬರು ಅದರಲ್ಲಿ ಪ್ರತಿವಾದಿ. ಹತ್ತು ವರ್ಷ ಕೇಸು ನಡೆದು, 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟು ನಮ್ಮವರ ಪರ ತೀರ್ಪು ಕೊಟ್ಟಿತು. ಮಹಾಡಿನಲ್ಲಿ ಕೆರೆ, ಮೂಲ್ಕಿಯಲ್ಲಿ ಗುಡಿ. ವಾದದ ಬೇರು ಮಾತ್ರ ಒಂದೇ. ನಾವು ಹತ್ತಿರ ಹೋದ ದಿನವೇ ಎಲ್ಲರದ್ದಾಗಿದ್ದದ್ದು ಅವರದ್ದಾಗುತ್ತದೆ.

ಎಂಟು ವರ್ಷ ಒಂಬತ್ತು ತಿಂಗಳು

ಕೆಳಗಿನ ಕೋರ್ಟು ಸಾಕ್ಷಿಗಳನ್ನು ನೋಡಿತು. ಗುಡಿ ಮೊದಲು ಕೆಲವು ಸಾರಸ್ವತ ಕುಟುಂಬಗಳ ಸಲುವಾಗಿ ಹುಟ್ಟಿದ್ದು ನಿಜ, ಆದರೆ ಕಾಲ ಕಳೆದಂತೆ ಅದು ಸಾರ್ವಜನಿಕ ಗುಡಿಯಾಗಿದೆ ಅಂತ ಹೇಳಿ ದಾವೆ ವಜಾ ಮಾಡಿತು. ಮೊಕ್ತೇಸರರು ಮದ್ರಾಸ್ ಹೈಕೋರ್ಟಿಗೆ ಅಪೀಲು ಹೋದರು. ಹೈಕೋರ್ಟು ಸಾರ್ವಜನಿಕರಿಗೆ ಪ್ರವೇಶದ ಹಕ್ಕು ಇದೆ ಅಂತಲೇ ಹೇಳಿತು. ಆದರೆ ಕೆಲವು ವಿಶೇಷ ಪೂಜೆಗಳ ಸಮಯದಲ್ಲಿ ಮಾತ್ರ ಸಮುದಾಯದವರು ಬೇರೆಯವರನ್ನು ಹೊರಗಿಡಬಹುದು ಅಂತ ಒಂದು ಸಣ್ಣ ಡಿಕ್ರಿ ಕೊಟ್ಟಿತು. ಮೊಕ್ತೇಸರರಿಗೆ ಅಷ್ಟು ಸಾಲಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು.

ಇಷ್ಟರಲ್ಲಿ ನಕ್ಷೆಯೇ ಬದಲಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆ ಒಡೆದು ನಮ್ಮ ರಾಯದುರ್ಗ ಆಂಧ್ರಕ್ಕೆ ಬಂತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಹೋಯಿತು. ಮದ್ರಾಸ್ ಸರ್ಕಾರದ ಮೇಲೆ ಹಾಕಿದ ಕೇಸು ಹೀಗೆ ಮೈಸೂರು ಸರ್ಕಾರದ ಮೇಲಿನ ಕೇಸಾಯಿತು. ಇವತ್ತಿಗೂ ಕಾನೂನು ಪುಸ್ತಕಗಳಲ್ಲಿ ಅದರ ಹೆಸರು ಶ್ರೀ ವೆಂಕಟರಮಣ ದೇವರು ಮತ್ತು ಮೈಸೂರು ರಾಜ್ಯದ ಕೇಸು ಅಂತಲೇ ಇದೆ.

1957ರ ನವೆಂಬರ್ 8ರಂದು ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಇದ್ದ ಐದು ಜನ ನ್ಯಾಯಮೂರ್ತಿಗಳ ಪೀಠ. ತೀರ್ಪು ಬರೆದವರು ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್. ಮೊಕ್ತೇಸರರ ಅರ್ಧ ವಾದವನ್ನು ಅವರು ಒಪ್ಪಿದರು. ಇದು ಒಂದು ಪಂಗಡದ ಗುಡಿ, ಆಗಮದ ಪ್ರಕಾರ ಗುಡಿಯೊಳಗೆ ಯಾರು ಎಲ್ಲಿಯತನಕ ಬರಬಹುದು ಅನ್ನೋದು ಧರ್ಮದ ವಿಷಯ ಅಂತ ಹೇಳಿದರು.

ಅಲ್ಲಿಗೆ ನಾವು ಸೋತ ಹಾಗೆ ಅಂತ ಅನ್ನಿಸುತ್ತೆ. ಆದರೆ ಸಂವಿಧಾನದ 25ನೇ ವಿಧಿಯಲ್ಲಿ 2(ಬಿ) ಅಂತ ಒಂದು ಭಾಗ ಇದೆ. ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯುವ ಕಾನೂನನ್ನು ಸರ್ಕಾರ ಮಾಡಬಹುದು ಅಂತ ಅದು ಹೇಳುತ್ತದೆ. ಪಂಗಡದ ಗುಡಿ ಸಾರ್ವಜನಿಕ ಆಗೋದು ಹೇಗೆ ಅಂತ ಮೊಕ್ತೇಸರರು ಕೇಳಿದರು. ಒಂದು ವರ್ಗದ ಜನರ ಸಲುವಾಗಿ ಇದ್ದರೂ ಅದು ಸಾರ್ವಜನಿಕವೇ ಅಂತ ಕೋರ್ಟು ಉತ್ತರ ಕೊಟ್ಟಿತು. ಹಾಗಾದರೆ 26 ದೊಡ್ಡದೋ 25 ದೊಡ್ಡದೋ? ಕೋರ್ಟಿನ ಲೆಕ್ಕ ನಮ್ಮ ಮನೆಯ ಲೆಕ್ಕದಷ್ಟು ಸರಳ. ಮೊಕ್ತೇಸರರು ಹೇಳಿದಂತೆ ಒಪ್ಪಿದರೆ ಪಂಗಡದ ಗುಡಿಗಳಲ್ಲಿ 25(2)(ಬಿ)ಗೆ ಕೆಲಸವೇ ಇಲ್ಲ, ಪೂರ್ತಿ ಸತ್ತುಹೋಗುತ್ತದೆ. ಅದೇ 25(2)(ಬಿ) ಮೇಲೆ ಅಂತ ಇಟ್ಟುಕೊಂಡರೆ 26ನೇ ವಿಧಿ ಸಾಯಲ್ಲ, ಪ್ರವೇಶ ಒಂದನ್ನು ಬಿಟ್ಟು ಉಳಿದ ಎಲ್ಲ ವಿಷಯಕ್ಕೆ ಅದು ಬದುಕಿರುತ್ತದೆ. ಎರಡೂ ಬದುಕುವ ದಾರಿ ಇರುವಾಗ ಒಂದನ್ನು ಸಾಯಿಸಬಾರದು. ಆದ್ದರಿಂದ ಪಂಗಡದ ಹಕ್ಕು ಪ್ರವೇಶದ ಕಾನೂನಿಗೆ ತಲೆ ಬಾಗಬೇಕು. ಮೊಕ್ತೇಸರರ ಅಪೀಲು ವಜಾ ಆಯಿತು.

1908ರಲ್ಲಿ ಪದ್ಧತಿ ದೊಡ್ಡದು, ಟ್ರಸ್ಟಿಗೂ ಅದನ್ನು ಮುರಿಯುವ ಅಧಿಕಾರ ಇಲ್ಲ ಅಂದಿದ್ದರು. ಐವತ್ತು ವರ್ಷದೊಳಗೆ, ಎಲ್ಲರ ಹಕ್ಕು ದೊಡ್ಡದು, ಟ್ರಸ್ಟಿಗೂ ಅದನ್ನು ತಡೆಯುವ ಅಧಿಕಾರ ಇಲ್ಲ ಅಂತಾಯಿತು. ಟ್ರಸ್ಟಿಯ ಜಾಗ ಬದಲಾಗಲಿಲ್ಲ, ಎರಡು ಸಲವೂ ಅವನು ಕಾಯುವವನೇ. ಬದಲಾದದ್ದು ಯಾರ ಸಲುವಾಗಿ ಕಾಯಬೇಕು ಅನ್ನೋದು.

ಪೂರ್ತಿ ತೆರೆದ ಬಾಗಿಲಲ್ಲ

ನಿಜ ಹೇಳಬೇಕು. ಈ ತೀರ್ಪಿನಲ್ಲಿ ಬಾಗಿಲು ಪೂರ್ತಿ ತೆರೆಯಲಿಲ್ಲ. ಹೈಕೋರ್ಟು ಕೊಟ್ಟಿದ್ದ ಆ ಸಣ್ಣ ಡಿಕ್ರಿಯನ್ನು ಸುಪ್ರೀಂ ಕೋರ್ಟೂ ಉಳಿಸಿತು. ಕೆಲವು ವಿಶೇಷ ಪೂಜೆಗಳಲ್ಲಿ ಸಮುದಾಯದವರು ಮಾತ್ರ ಇರಬಹುದು, ಯಾಕೆಂದರೆ ಉಳಿದ ಸಮಯದಲ್ಲಿ ಸಾರ್ವಜನಿಕರಿಗೆ ಇರುವ ಹಕ್ಕು ಹೆಸರಿಗೆ ಮಾತ್ರ ಅಲ್ಲ, ನಿಜವಾಗಿಯೂ ದೊಡ್ಡದಾಗಿಯೇ ಇದೆ ಅನ್ನೋದು ಕೋರ್ಟಿನ ಕಾರಣ. ಹಗಲು ರಾತ್ರಿ ಗುಡಿ ತೆರೆದಿಡಿ ಅಂತಾಗಲಿ, ಅರ್ಚಕರು ಮಾಡುವ ಸೇವೆಯನ್ನು ನಾನೇ ಮಾಡ್ತೀನಿ ಅಂತಾಗಲಿ ಯಾರೂ ಕೇಳುವ ಹಾಗಿಲ್ಲ ಅಂತಲೂ ಹೇಳಿತು. ಅದು ಎಲ್ಲ ಜಾತಿಯ ಭಕ್ತರಿಗೂ ಒಂದೇ ಅನ್ನಬಹುದು. ಆದರೆ ಹುಟ್ಟಿದ ಮನೆ ನೋಡಿ ಕೆಲವು ಹೊತ್ತು ಹೊರಗೆ ನಿಲ್ಲಿಸುವುದು ಉಳಿಯಿತಲ್ಲ ಅಂತ ನನ್ನ ಮನಸ್ಸಿಗೆ ಬೇಸರ ಇದೆ.

ಇನ್ನೊಂದು ಗಮನಿಸಿ. ಕೇಸಿನ ಹೆಸರಿನಲ್ಲಿ ಒಂದು ಕಡೆ ದೇವರು, ದೇವರ ಪರವಾಗಿ ಮೊಕ್ತೇಸರರು. ಇನ್ನೊಂದು ಕಡೆ ಸರ್ಕಾರ. ಮಹಾಡ್ ಕೇಸಿನಲ್ಲಿ ಬಾಬಾಸಾಹೇಬರ ಹೆಸರಿತ್ತು. ಇಲ್ಲಿ ಕೇಸಿನ ಹೆಸರಿನಲ್ಲಿ ನಮ್ಮವರು ಯಾರೂ ಇಲ್ಲ. ನಮ್ಮ ಬಗ್ಗೆಯೇ ಮಾತು, ನಾವೇ ಇಲ್ಲ.

ಬಾಬಾಸಾಹೇಬರಿಗೆ ಗುಡಿ ಪ್ರವೇಶವೇ ಕೊನೆಯ ಗುರಿ ಆಗಿರಲಿಲ್ಲ ಅನ್ನೋದನ್ನೂ ಮರೆಯಬಾರದು. ನಾಸಿಕದ ಕಾಳಾರಾಮ ಗುಡಿಯ ಮುಂದೆ 1930ರಿಂದ ಸತ್ಯಾಗ್ರಹ ನಡೆಸಿದ ಅವರೇ, 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂತ ಹೇಳಿದರು. ಓದು, ಉದ್ಯೋಗ, ಅಧಿಕಾರ ಇವು ಮೊದಲು ಬೇಕು ಅಂದರು. ನಮ್ಮ ಸಂಘದಲ್ಲೂ ಗುಡಿಗೆ ಹೋಗುವವರಿದ್ದಾರೆ, ಹೋಗದವರಿದ್ದಾರೆ, ಚರ್ಚಿಗೆ ಹೋಗುವವರಿದ್ದಾರೆ. ಹೋಗೋದು ಬಿಡೋದು ನಮ್ಮ ಇಷ್ಟ. ಆದರೆ ಬೇಡ ಅನ್ನೋದು ನಾನಾಗಿರಬೇಕು, ಬಾಗಿಲಲ್ಲಿ ನಿಂತವನು ಅಲ್ಲ.

ನಮ್ಮ ಕೈಯಲ್ಲಿರುವುದಕ್ಕೂ ನಾವು ಕಾಯುವವರೇ

ಈ ಕೇಸಿನಿಂದ ನಾವು ಕಲಿಯಬೇಕಾದದ್ದು ಎರಡಿದೆ.

ಒಂದು, ಕೋರ್ಟಿಗೆ ಹೋಗುವ ದಾರಿ ಧರ್ಮಕರ್ತರಿಗೆ ಮಾತ್ರ ಇಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ 92ನೇ ಸೆಕ್ಷನ್ ಪ್ರಕಾರ, ಒಂದು ಸಾರ್ವಜನಿಕ ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ಸೇರಿದರೆ ಸಾಕು. ಕೋರ್ಟಿನ ಅನುಮತಿ ಪಡೆದು ದಾವೆ ಹಾಕಬಹುದು. ಲೆಕ್ಕ ಒಪ್ಪಿಸಲಿ ಅಂತ ಕೇಳಬಹುದು, ದುಡ್ಡು ತಿಂದ ಟ್ರಸ್ಟಿಯನ್ನು ತೆಗೆಯಿರಿ ಅನ್ನಬಹುದು, ಆಡಳಿತ ಹೇಗೆ ನಡೆಯಬೇಕು ಅಂತ ಒಂದು ಯೋಜನೆ ಮಾಡಿಕೊಡಿ ಅನ್ನಬಹುದು. ನಮ್ಮ ಹುಡುಗರ ಹಾಸ್ಟೆಲಿಗೆ ಅಂತ ಒಬ್ಬ ದಾನಿ ಬಿಟ್ಟುಹೋದ ಜಾಗ, ಛತ್ರ, ಸ್ಮಶಾನದ ನೆಲ ಇಂಥವೆಲ್ಲ ಎಲ್ಲೆಲ್ಲಿ ಯಾರ ಕೈ ಸೇರಿವೆ ಅಂತ ಯೋಚನೆ ಮಾಡಿ. ನಾವು ಗುಡಿಯ ಬಾಗಿಲನ್ನೇ ನೋಡುತ್ತಾ ನಿಂತರೆ ಇವು ಹಿಂದಿನ ಬಾಗಿಲಿಂದ ಹೋಗಿಬಿಡುತ್ತವೆ.

ಎರಡು, ಈ ನಿಯಮ ನಮಗೂ ಅನ್ವಯಿಸುತ್ತದೆ. ನಾನು ನೋಡಿದ ಒಂದು ಕೇರಿಯಲ್ಲಿ ಸಮುದಾಯ ಭವನದ ಬೀಗದ ಕೈ ಒಬ್ಬರ ಮನೆಯಲ್ಲೇ ವರ್ಷಗಟ್ಟಲೆ ಇತ್ತು. ಅವರ ಮನೆಯ ಈರುಳ್ಳಿ ಮೂಟೆ ಒಳಗೆ, ಓದೋಕೆ ಬಂದ ಹುಡುಗರು ಹೊರಗೆ. ಕೇಳಿದರೆ "ಭವನ ಬರೋಕೆ ಓಡಾಡಿದವನು ನಾನು, ನನ್ನ ಕೇಳದೆ ಯಾರು ಬೀಗ ತೆಗೀತೀರಿ?" ಅಂದರು. ಪಾಪ, ಓಡಾಡಿದ್ದು ನಿಜವೇ. ಆದರೆ ಆ ಮಾತಿನಲ್ಲಿ ನನಗೆ ಕೇಳಿಸಿದ್ದು "ಗುಡಿ ಅವರದು" ಅನ್ನುವ ಅದೇ ಮಾತು. ಜಾತಿ ಬೇರೆ ಆಗಬೇಕಿಲ್ಲ, ಬೀಗದ ಕೈ ಒಬ್ಬನ ಹತ್ತಿರ ಬಹಳ ದಿನ ಉಳಿದರೆ ಸಾಕು, ಯಜಮಾನಿಕೆ ಹುಟ್ಟಿಕೊಳ್ಳುತ್ತದೆ.

ಬಾಬಾಸಾಹೇಬರು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಓದಿಗೆ ಒಬ್ಬ ಮನುಷ್ಯನನ್ನು ನಂಬಿಕೊಳ್ಳದೆ ಒಂದು ಸಂಸ್ಥೆಯನ್ನೇ ಕಟ್ಟಿದರು. ನಮ್ಮ ಸಂಘಕ್ಕೆ ಬರುವ ಚಂದಾ ನೂರು ರೂಪಾಯಿ ಇರಲಿ, ಸಾವಿರ ಇರಲಿ, ಅದೂ ಕೂಲಿ ಮಾಡಿ ಬಂದ ದುಡ್ಡು. ಅದಕ್ಕೆ ಪುಸ್ತಕ ಇರಲಿ. ಪ್ರತಿ ವರ್ಷ ಏಪ್ರಿಲ್ 14ರಂದು ಹಾರ ಹಾಕುವ ಮುಂಚೆ ಲೆಕ್ಕ ಓದಲಿ. ಬೀಗದ ಕೈ ಇಬ್ಬರ ಹತ್ತಿರ ಇರಲಿ, ಅವರಲ್ಲಿ ಒಬ್ಬರು ಹೆಣ್ಣುಮಕ್ಕಳಾಗಲಿ. ಯಾವ ಕೆಲಸಕ್ಕೆ ಹಣ ಬಂತೋ ಅದೇ ಕೆಲಸಕ್ಕೆ ಹೋಗಲಿ. ಅನುಮಾನ ಬಂದರೆ ಸಭೆ ಕರೆದು ಕೇಳೋಣ. ಕೇಳೋದರಲ್ಲಿ ಅವಮಾನ ಇಲ್ಲ. ಕೇಳದೇ ಮಾಡುವುದರಲ್ಲೇ ಅಪಾಯ. ಸಂಘ ರಿಜಿಸ್ಟರ್ ಆಗಿದ್ದರೆ ಆಡಳಿತದ ಜಗಳಕ್ಕೆ ಜಿಲ್ಲಾ ಕೋರ್ಟಿಗೆ ಹೋಗುವ ದಾರಿಯೂ ನಮ್ಮ ರಾಜ್ಯದ ಕಾನೂನಿನಲ್ಲಿದೆ. ಅಲ್ಲಿಯತನಕ ಹೋಗದ ಹಾಗೆ ನಡೆದುಕೊಳ್ಳುವುದು ನಮ್ಮ ಕೈಯಲ್ಲಿದೆ.

ಇದನ್ನೆಲ್ಲ ಬರೆದ ಮೇಲೆ ಅಜ್ಜಿಗೆ ಓದಿ ಹೇಳಿದೆ. ಕಮುದಿ, ಮದುರೆ, ಮೂಲ್ಕಿ ಎಲ್ಲ ಕೇಳಿದಳು. "ಆ ಕಾನೂನು ಯಾವಾಗ ಬಂತು ಅಂದಿ?" ಅಂತ ಕೇಳಿದಳು. "1947ರಲ್ಲಿ, ಅಜ್ಜಿ. ನೀನು ಆ ಕಲ್ಲಿನ ಮುಂದೆ ನಿಂತಾಗ ಬಂದು ಬಹಳ ವರ್ಷ ಆಗಿತ್ತು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ನಮಗ್ಯಾರೂ ಹೇಳಲೇ ಇಲ್ಲವಲ್ಲ ಮಗಾ."

ಅದಕ್ಕೇ ಈ ಸಲ ನಾನು ಇದನ್ನು ಬರೆದೆ. ಓದಿದವರು ಓದು ಬಾರದ ಹಿರಿಯರಿಗೆ ಒಂದು ಸಲ ಓದಿ ಹೇಳಿ.

ಜೈ ಭೀಮ್.